ಒಂದು ಗುಂಡಿಯ ಮೇಜು

ನಕ್ಷೆ ಸರ್ ಸತತವಾಗಿ ಮೂರು ಭಾನುವಾರ ಆಟಕ್ಕೆ ಬರಲಿಲ್ಲ. ನಾಲ್ಕನೆಯ ಭಾನುವಾರ ಮಧ್ಯಾಹ್ನ, ಹುಣಸೂರಿನ ನಮ್ಮ ಮಹಡಿಯ ಕೋಣೆಯಲ್ಲಿ ನಾವು ಮೂವರು ಮೇಜಿನ ಸುತ್ತ ಸುಮ್ಮನೆ ಚಹಾ ಕುಡಿಯುತ್ತಿದ್ದಾಗ ಅವರ ಫೋನ್ ಬಂತು. ಮೈಸೂರಿನ ಡಾಕ್ಟರು ಹೇಳಿದ್ದನ್ನು ಅವರು ಇಲಾಖೆಗೆ ವರದಿ ಒಪ್ಪಿಸುವಂತೆ ನಮಗೆ ಒಪ್ಪಿಸಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಮೊದಲು ಕೈ ಹೋಗುತ್ತದೆ, ಆಮೇಲೆ ಮಾತು, ಆಮೇಲೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ಇದಕ್ಕೆ ಔಷಧಿ ಇಲ್ಲ.

"ಆಟ ಮುಗ್ಸಿ ಓಗ್ಬೇಕು ಕಣಮ್ಮ," ಎಂದರು ನನಗೆ. "ಹುಣಸೂರಿಗೆ ಬರಕ್ಕಾಗಲ್ಲ ಇನ್ನು. ನಿನ್ ಆ್ಯಪ್‌ಗೆ ಒಂದು ಮೇಜು ಸೇರ್ಸಕ್ಕಾಯ್ತದಾ?"

ಆಗುತ್ತದೆ ಎಂದೆ. ಎಷ್ಟು ದಿನ ಬೇಕು ಎಂದು ಅವರು ಕೇಳಲಿಲ್ಲ. ಎಷ್ಟು ದಿನ ಇದೆ ಎಂದು ನಾನೂ ಕೇಳಲಿಲ್ಲ.

ನಮ್ಮದು ಪಾತ್ರ ವಹಿಸಿ ಆಡುವ ಕಥೆಯಾಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ. ಎದುರಿಗಿರುವ ಬಾಗಿಲನ್ನು ತಟ್ಟಬೇಕೋ ಒದೆಯಬೇಕೋ ಎಂಬುದು ಆಡುವವರ ಇಷ್ಟ. ಒದ್ದರೆ ಮುರಿಯಿತೇ ಎಂದು ತಿಳಿಯಲು ದಾಳ ಹಾಕುತ್ತೇವೆ. ದಾಳ ನೋಡಿ, ಏನಾಯಿತು ಎಂದು ಹೇಳುವ ಹಕ್ಕು ಮಾತ್ರ ಕಥೆ ನಡೆಸುವವರದು. ನಮ್ಮ ಕಥೆ ನಡೆಸುತ್ತಿದ್ದವರು ಬೀಚನಹಳ್ಳಿಯ ಅಣೆಕಟ್ಟೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದವರು, ಅದಕ್ಕೇ ನಮಗೆಲ್ಲ ನಕ್ಷೆ ಸರ್. ನಾಲ್ಕು ವರ್ಷದಿಂದ ಒಂದೇ ಕಥೆ: ನೀರಲ್ಲಿ ಮುಳುಗಿದ ಊರೊಂದನ್ನು ಹುಡುಕಿಕೊಂಡು ಹರಿಗೋಲಿನಲ್ಲಿ ಹೊರಟ ಮೂವರದು. ಆ ಮೂವರೆಂದರೆ ಹುಣಸೂರಿನ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿ, ಪಿರಿಯಾಪಟ್ಟಣದ ಕಾಲೇಜಿನ ಲೆಕ್ಚರರ್ ಮೇಡಂ, ಮತ್ತು ನಾನು. ಸರ್ ಪ್ರತಿ ವಾರ ಚೌಕಳಿ ಹಾಳೆಯ ಮೇಲೆ ಹೊಸ ನಕ್ಷೆ ಬರೆದು ತರುತ್ತಿದ್ದರು. ನಾವಿನ್ನೂ ಕಾಣದ ಜಾಗಗಳ ಮೇಲೆ ಪೇಪರ್ ತುಂಡು ಮುಚ್ಚಿರುತ್ತಿದ್ದರು. ಹುಣಸೆಬೀಜಗಳೇ ನಮ್ಮ ಕಾಯಿಗಳು. ಕಥೆಯ ಕೊನೆ ಅವರ ತಲೆಯಲ್ಲಿ ಮಾತ್ರ ಇತ್ತು. ಬರೆದಿಡಿ ಸರ್ ಎಂದರೆ, "ಬರ್ದಿಟ್ರೆ ನಿಮ್ ಕೈ ಹಿಡ್ಕಂಡು ಎಳ್ಕಂಡೋದಂಗಾಯ್ತದೆ, ಅದ್ಯಾವ ಆಟ?" ಎನ್ನುತ್ತಿದ್ದರು. ಈಗ ಆ ಕೊನೆಯನ್ನು ಅವರೇ ಹೇಳಿ ಮುಗಿಸಬೇಕು, ಬೇರೆ ಯಾರೂ ಅಲ್ಲ. ಅವರು ಕೇಳಿದ್ದು ಅಷ್ಟೇ.

ಈ ಆಟಕ್ಕೆಂದೇ ನಾನು ಬರೆದಿದ್ದ ಆ್ಯಪ್‌ನಲ್ಲಿ ಆಗ ಇದ್ದದ್ದು ಮೂರು ಪುಟ: ಪಾತ್ರದ ವಿವರ ಬರೆದಿಡುವುದಕ್ಕೊಂದು, ನಿಯಮ ಹುಡುಕುವುದಕ್ಕೊಂದು, ದಾಳ ಉರುಳಿಸುವುದಕ್ಕೊಂದು. ಅದಕ್ಕೆ ಮೇಜು ಸೇರಿಸುವುದೆಂದರೆ ನಾಲ್ಕು ಕಡೆ ಕೂತ ನಾಲ್ವರಿಗೆ ಒಂದೇ ನಕ್ಷೆ, ಒಂದೇ ಕಾಯಿಗಳು, ಒಂದೇ ಕ್ಷಣದಲ್ಲಿ ಕಾಣಬೇಕು. ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟೆ. ಕೆಳಗೆ ನಮ್ಮ ಅಬ್ಬಾನ ಮರಗೆಲಸದ ಅಂಗಡಿಯಲ್ಲಿ ಗರಗಸದ ಸದ್ದು, ಮೇಲೆ ನಾನು ಕಿವಿಗೆ ಹತ್ತಿ ತುರುಕಿಕೊಂಡು ಬರೆಯುತ್ತಾ ಕೂತೆ. ಮೂರನೆಯ ವಾರಕ್ಕೆ ಮೊದಲ ರೂಪ ಎದ್ದು ನಿಂತಿತು. ಹಾಳೆಯಲ್ಲಿದ್ದ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ. ಮೌಸ್‌ನಿಂದ ಕಾಯಿ ಹಿಡಿದು ಎಳೆದರೆ ಸಾಕು, ಎಲ್ಲರ ಪರದೆಯಲ್ಲೂ ಅದು ಸರಿಯುತ್ತಿತ್ತು.

ಮೊದಲ ಭಾನುವಾರವೇ ಮುಖಭಂಗವಾಯಿತು. ಬೀಚನಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರ್ ಕಡೆಯಿಂದ ಹರಿಗೋಲು ನದಿ ದಾಟಿರುತ್ತಿತ್ತು, ಅಷ್ಟರಲ್ಲಿ ಸಂಪರ್ಕ ಕಡಿದು ನಮ್ಮ ಪರದೆಯಲ್ಲಿ ಅದು ಈಚೆ ದಡದಲ್ಲೇ ಉಳಿದಿರುತ್ತಿತ್ತು. ಸಂಪರ್ಕ ಮರಳಿದಾಗ ಅವರ ಲ್ಯಾಪ್‌ಟಾಪ್ ಒಂದು ಹೇಳುತ್ತಿತ್ತು, ನಮ್ಮದು ಇನ್ನೊಂದು. ಹರಿಗೋಲು ಎರಡು ದಡಗಳ ಮಧ್ಯೆ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಆ ವಾರವಿಡೀ ಅದನ್ನೇ ಸರಿಮಾಡಿದೆ. ಪ್ರತಿ ನಡೆಗೂ ಕ್ರಮಸಂಖ್ಯೆ ಕೊಟ್ಟು, ಸರ್ವರ್ ಬರೆದುಕೊಂಡ ಕ್ರಮವೇ ಅಂತಿಮ ಎಂದು ಮಾಡಿದೆ. ಕಡಿದುಹೋದವರು ಮರಳಿದಾಗ ತಮ್ಮ ಬಳಿ ಯಾವ ಸಂಖ್ಯೆಯವರೆಗೆ ಇದೆ ಎಂದು ಹೇಳುತ್ತಾರೆ, ಅಲ್ಲಿಂದ ಮುಂದಿನ ನಡೆಗಳು ಮಾತ್ರ ಅವರಿಗೆ ಹೋಗುತ್ತವೆ. ಕುಪ್ಪಳಿಸುವುದು ನಿಂತಿತು.

ಎರಡನೆಯ ಭಾನುವಾರ ಮುಸುಕಿನ ಸರದಿ. ಪೇಪರ್ ತುಂಡಿನ ಬದಲಿಗೆ ಕಾಣದ ಜಾಗಗಳ ಮೇಲೆ ಕಪ್ಪು ಬಳಿಯುವ ವ್ಯವಸ್ಥೆ ಮಾಡಿದ್ದೆ. ಆಟ ಶುರುವಾದ ಹತ್ತು ನಿಮಿಷಕ್ಕೆ ವ್ಯಾಪಾರಿ ನನಗೆ ಪ್ರತ್ಯೇಕ ಫೋನ್ ಮಾಡಿದರು.

"ಏ ತಾಯಿ, ಪುಟ ತೆಗೀತಿದ್ದಂಗೆ ಒಂದು ಗಳಿಗೆ ಎಲ್ಲಾ ಕಂಡೋಯ್ತು ಕಣಮ್ಮ. ಆಮೇಲೆ ಕಪ್ಪಾಯ್ತು. ಆಣೆ ಮಾಡಿ ಯೋಳ್ತೀನಿ, ಕಣ್ ಮುಚ್ಕಂಡೆ. ಆದ್ರೂ ಗುಡಿ ಎಲ್ಲದೆ ಅಂತ ಗೊತ್ತಾಗೋಯ್ತು."

ತಪ್ಪು ನನ್ನದೇ. ಇಡೀ ನಕ್ಷೆಯನ್ನು ಎಲ್ಲರಿಗೂ ಕಳಿಸಿ, ಆಮೇಲೆ ಅದರ ಮೇಲೆ ಕಪ್ಪು ಹಾಕುತ್ತಿದ್ದೆ. ನೆಟ್ ನಿಧಾನವಾದರೆ ಗುಟ್ಟು ಮೊದಲು ಬಂದು ಮುಸುಕು ಆಮೇಲೆ ಬರುತ್ತಿತ್ತು. ನಕ್ಷೆಯನ್ನು ಸರ್ವರ್‌ನಲ್ಲೇ ಸಣ್ಣ ಚೌಕಗಳಾಗಿ ಕತ್ತರಿಸಿ, ಸರ್ ತೆರೆದ ಚೌಕಗಳನ್ನಷ್ಟೇ ಕಳಿಸುವಂತೆ ಮಾಡಿದೆ. ವಿಷಯ ತಿಳಿಸಿದ್ದಕ್ಕೆ ಆ ವಾರ ಸರ್ ಗುಡಿಯನ್ನೇ ಬೇರೆ ಕಡೆಗೆ ಸಾಗಿಸಿದ್ದರು. ನಾನು ಸುಳ್ಳಾಡುವುದಿಲ್ಲ, ಆ ದಿನಗಳಲ್ಲಿ ನನಗೆ ಖುಷಿಯಾಗುತ್ತಿತ್ತು. ಒಬ್ಬರು ಸಾಯುತ್ತಿದ್ದರು, ನಾನು ಮುಸುಕು ಎಷ್ಟು ಚೆನ್ನಾಗಿ ಸರಿಯುತ್ತದೆ ಎಂದು ನೋಡುತ್ತಾ ಕೂರುತ್ತಿದ್ದೆ.

ಪ್ರತಿ ಸೋಮವಾರ ಲಾಗ್ ಓದುವುದು ನನ್ನ ಅಭ್ಯಾಸ. ಯಾರು ಯಾವ ಕ್ಷಣದಲ್ಲಿ ಏನು ಒತ್ತಿದರು, ಯಾವುದನ್ನು ಎಲ್ಲಿಂದ ಎಲ್ಲಿಗೆ ಎಳೆದರು ಎಂಬುದೆಲ್ಲ ಸರ್ವರ್‌ನಲ್ಲಿ ಬರೆದಿರುತ್ತದೆ, ಅದಕ್ಕೆ ಲಾಗ್ ಎನ್ನುತ್ತೇವೆ. ಸರ್ ಎಳೆದ ಗೆರೆಗಳು ನೇರವಾಗಿದ್ದವು. ಎಲ್ಲೂ ನಡುಕವಿಲ್ಲ, ಗುರಿ ತಪ್ಪಿದ್ದಿಲ್ಲ. ಕೈ ಇನ್ನೂ ಗಟ್ಟಿಯಾಗಿದೆ ಎಂದುಕೊಂಡೆ. ಹಾಗಾದರೆ ಕೈಗೆ ಕೆಲಸ ಕೊಡುವ ಇನ್ನಷ್ಟು ಸೌಲಭ್ಯ ಮಾಡೋಣವೆಂದು, ನಕ್ಷೆಯ ಮೇಲೆ ಅವರೇ ಗೆರೆ ಎಳೆದು ಹೊಸ ಜಾಗ ಬರೆಯುವ ವ್ಯವಸ್ಥೆಗೆ ಕೈ ಹಾಕಿದೆ. ಪ್ರತಿ ವಾರ ಫೋನ್ ಮಾಡಿ ಕೇಳುತ್ತಿದ್ದೆ, ಮೇಜು ಹೇಗಿದೆ ಸರ್ ಎಂದು. "ಚೆನ್ನಾಗದೆ ಕಣಮ್ಮ," ಎನ್ನುತ್ತಿದ್ದರು. ನಾಲಿಗೆ ತೊದಲುತ್ತಿದ್ದುದು ಕೇಳಿಸುತ್ತಿತ್ತು.

ಗೆರೆ ಎಳೆಯುವ ವ್ಯವಸ್ಥೆ ಮುಗಿಯುವಷ್ಟರಲ್ಲಿ ಮೇಜಿನ ಕೆಲಸ ಹಿಡಿದು ಆರು ವಾರವಾಗಿತ್ತು. ಅದನ್ನು ಕಂಡಾಗ ಅವರ ಮುಖ ಹೇಗಾಗುತ್ತದೆಂದು ನೋಡುವ ಆಸೆಗೆ ಒಂದು ಗುರುವಾರ ಹೇಳದೆ ಕೇಳದೆ ಹೊರಟೆ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಒಂದು ಬಸ್ಸು, ಅಲ್ಲಿಂದ ಬೀಚನಹಳ್ಳಿಗೆ ಇನ್ನೊಂದು. ಕ್ವಾರ್ಟರ್ಸ್‌ನ ಬಾಗಿಲು ತೆರೆದೇ ಇತ್ತು. ಅವರ ಹೆಂಡತಿ ಲ್ಯಾಪ್‌ಟಾಪ್ ಮುಂದೆ ಕೂತು, ತುಟಿ ಕಚ್ಚಿಕೊಂಡು, ಮೌಸನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸರ್ ಪಕ್ಕದ ಕುರ್ಚಿಯಲ್ಲಿದ್ದರು. ಮಡಿಲಲ್ಲಿ ಟವೆಲ್, ಟವೆಲ್ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದ ಎರಡು ಕೈ.

"ಎಡಕ್ಕೆ... ಎಲ್ಡು..." ಎಂದರು ಸರ್. ಮಾತು ಬಾಯೊಳಗೇ ಕಲಸಿಹೋಗುತ್ತಿತ್ತು.

"ಎಡಕ್ಕೆ ಎಲ್ಡು ಮನೆ, ಆಮ್ಯಾಕೆ ಮ್ಯಾಲಕ್ಕಾ?" ಎಂದು ಹೆಂಡತಿ ಕೇಳಿದರು. ಭಾನುವಾರಕ್ಕೆ ತಾಲೀಮು ನಡೆಯುತ್ತಿತ್ತು.

ನನ್ನನ್ನು ಕಂಡು ಆಕೆ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮೌಸ್ ಬಿಟ್ಟು ಎದ್ದರು. ಯಾವಾಗಿನಿಂದ ಅಕ್ಕ ಎಂದು ಕೇಳಿದೆ.

"ಮೊದಲ್ನೇ ವಾರದಿಂದ್ಲೂವೆ ಕಣವ್ವ. ಇವ್ರು ಯೋಳ್ಬ್ಯಾಡ ಅಂದ್ರು. ಆ ಮಗ ಊಟ ನಿದ್ದೆ ಬುಟ್ಟು ಮಾಡ್ತದೆ, ನಂಗೆ ಕೈಲಾಗಕಿಲ್ಲ ಅಂದ್ರೆ ನೊಂದ್ಕತ್ತದೆ ಅಂತ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಬ್ಬಾನಿಂದ ಬಂದದ್ದು. ಕಾಯಿಲೆಯವರು, ಹಿರಿಯರು ಎಂಬುದೆಲ್ಲ ಮರೆತು ಕೂಗಾಡಿದೆ. "ಆರು ವಾರ ಸರ್! ಆರು ವಾರ ಇಲ್ಲದ ಕೈಗೆ ಮೌಸ್ ಮಾಡ್ತಾ ಕೂತಿದ್ದೆ. ನಿಮ್ಮ ಹತ್ರ ಎಷ್ಟು ವಾರ ಇದೆ ಅಂತ ಈ ಮರ್ಯಾದೆಯೆಲ್ಲ?"

ಸರ್ ಏನೋ ಹೇಳಿದರು, ನನಗೆ ತಿಳಿಯಲಿಲ್ಲ. ಹೆಂಡತಿ ಬಗ್ಗಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ತೆಪ್ಪಾಯ್ತು ಅಂತಾವ್ರೆ," ಎಂದರು.

ಆಮೇಲೆ ಮೂವರೂ ಕೂತು, ಯಾವುದು ಉಳಿದಿದೆ ಎಂದು ನೋಡಿದೆವು. ಎಡಗೈ ಪೂರ್ತಿ ಹೋಗಿತ್ತು. ಬಲಗೈಯಲ್ಲಿ ತೋರುಬೆರಳನ್ನು ಕೆಳಕ್ಕೆ ಒತ್ತಬಲ್ಲರು, ಪಕ್ಕಕ್ಕೆ ಸರಿಸಲಾರರು. ನನ್ನ ಫೋನನ್ನು ಆ ಬೆರಳಡಿ ಇಟ್ಟು ಒತ್ತಿಸಿದೆ. ಹತ್ತು ಸಲ ಕೇಳಿದ್ದಕ್ಕೆ ಹತ್ತೂ ಸಲ ಒತ್ತಿದರು. ಮಾತು ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು, ಅದೂ ಹೆಚ್ಚು ದಿನವಿಲ್ಲ ಎಂದು ಕೇಳಿದರೇ ಗೊತ್ತಾಗುತ್ತಿತ್ತು.

ಎಚ್.ಡಿ. ಕೋಟೆಯ ಬಸ್ ನಿಲ್ದಾಣದಲ್ಲಿ ಕೂತು ಯೋಚಿಸಿದೆ. ನಾನು ಪ್ರತಿ ಸಲವೂ ಕಳೆದ ತಿಂಗಳಿನ ಮನುಷ್ಯನಿಗೆ ಮೇಜು ಮಾಡುತ್ತಿದ್ದೆ. ಇನ್ನು ಮುಂದಿನ ತಿಂಗಳಿನವರಿಗೆ ಮಾಡಬೇಕು. ಎಳೆಯುವುದು, ಗೆರೆ ಬರೆಯುವುದು, ಹರಿಗೋಲಿನ ಸುತ್ತ ದೀಪದ ಬೆಳಕು ಬೀಳುವಂತೆ ಮಾಡಿದ್ದ ಚಂದದ ಏರ್ಪಾಡು, ಎಲ್ಲವನ್ನೂ ಕಿತ್ತುಹಾಕುವುದೆಂದು ಅಲ್ಲೇ ನಿರ್ಧರಿಸಿದೆ. ಹುಣಸೂರಿನ ಬಸ್ಸು ಬರುವ ಹೊತ್ತಿಗೆ ಮಡಿಲ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಅಳಿಸಿಯೂ ಆಗಿತ್ತು.

ಹೊಸ ಮೇಜಿಗೆ ಒಂದೇ ಗುಂಡಿ. ಪರದೆಯ ಮೇಲೆ ಐದಾರು ಆಯ್ಕೆಗಳು ಸಾಲಾಗಿರುತ್ತವೆ: ಹೌದು, ಇಲ್ಲ, ಮುಸುಕು ತೆರೆ, ದಾಳ ಹಾಕಿ, ಸಾಲುಗಳು. ಹಳದಿ ಚೌಕಟ್ಟೊಂದು ತಾನಾಗಿ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿರುತ್ತದೆ. ಬೇಕಾದದ್ದರ ಮೇಲೆ ಬಂದಾಗ ಒತ್ತಿದರೆ ಅದು ಆಯ್ಕೆಯಾಗುತ್ತದೆ. ಕಾಯಿಗಳನ್ನು ನಡೆಸುವ ಕೆಲಸ ನಮಗೇ ಬಂತು. ‘ಸಾಲುಗಳು’ ಎಂದರೆ ಸರ್ ಮುಂಚೆಯೇ ಹೇಳಿ ಬರೆಸಿಟ್ಟ ಮಾತುಗಳು. ಅದನ್ನು ಒತ್ತಿದರೆ ಆ ಹೊತ್ತಿಗೆ ಬೇಕಾದ ಸಾಲುಗಳು ಅವರ ಪರದೆಯಲ್ಲಿ ಒಂದರ ಕೆಳಗೊಂದು ಬರುತ್ತವೆ, ಚೌಕಟ್ಟು ಅವುಗಳ ಮೇಲೂ ಹಾಗೇ ಸರಿಯುತ್ತದೆ. ಬರೆದಿಡುವುದಿಲ್ಲ ಎನ್ನುತ್ತಿದ್ದವರು ಮಾತು ಪೂರ್ತಿ ನಿಲ್ಲುವ ಮುಂಚೆ, ಹದಿನೈದು ದಿನ, ತಮ್ಮ ಕಥೆಯನ್ನು ಹೆಂಡತಿಯ ಕಿವಿಗೆ ಒಂದೊಂದು ಪದವಾಗಿ ಹೇಳಿದರು. ಆಕೆ ಅದನ್ನು ಫೋನಿನಲ್ಲಿ ಟೈಪ್ ಮಾಡಿದರು. ಒಂದೊಂದು ತಿರುವಿಗೂ ಎರಡು ಮೂರು ದಾರಿ. ಅವೆಲ್ಲ ನನ್ನ ಸರ್ವರ್‌ನಲ್ಲೇ ಇದ್ದವು, ಓದುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಓದಲಿಲ್ಲ.

ಗುಂಡಿಗಾಗಿ ಹಳೆಯ ಮೌಸೊಂದನ್ನು ಬಿಚ್ಚಿ, ಎಡ ಒತ್ತಿನ ಜಾಗದಿಂದ ಎರಡು ತಂತಿ ಎಳೆದು, ಮನೆಯ ಕರೆಗಂಟೆಯ ಸ್ವಿಚ್ಚಿಗೆ ಬೆಸುಗೆ ಹಾಕಿದೆ. ಅಬ್ಬಾ ಹೊನ್ನೆಮರದ ತುಂಡನ್ನು ಅಂಗೈ ಕೂರುವ ಹಾಗೆ ಕೊರೆದು, ಬೆರಳ ತುದಿ ಬರುವ ಕಡೆ ಸ್ವಿಚ್ ಕೂರಿಸಿಕೊಟ್ಟರು. ಯಾರಿಗೆ ಎಂದಷ್ಟೇ ಕೇಳಿದರು. ಉಪ್ಪುಕಾಗದ ಹಾಕಿ ಉಜ್ಜಿದ್ದೇ ಉಜ್ಜಿದ್ದು.

‘ಹಿಂದಕ್ಕೆ’ ಎಂಬ ಆಯ್ಕೆ ಬೇಕೇ ಎಂಬ ಪ್ರಶ್ನೆ ಬಂತು. ತಪ್ಪಿ ಒತ್ತಿದರೆ ತಿದ್ದುವುದಕ್ಕೆ. ಆದರೆ ನಮ್ಮ ಮೇಜಿನಲ್ಲಿ ಮೊದಲಿನಿಂದ ಒಂದು ಪದ್ಧತಿ, ಅದೂ ಸರ್ ಹಾಕಿದ್ದೇ: ಒಮ್ಮೆ ಹೇಳಿದ್ದನ್ನು ಯಾರೂ ವಾಪಸು ತೆಗೆದುಕೊಳ್ಳುವಂತಿಲ್ಲ. ಆಯ್ಕೆ ಒಂದು ಹೆಚ್ಚಿದರೆ ಹಳದಿ ಚೌಕಟ್ಟು ಪ್ರತಿ ಸುತ್ತಿನಲ್ಲೂ ಅಷ್ಟು ತಡವಾಗುತ್ತದೆ ಬೇರೆ. ಅವರನ್ನೇ ಕೇಳಿದೆ. ಗುಂಡಿಯಿಂದಲೇ ‘ಇಲ್ಲ’ ಎಂದರು. ನನಗೂ ಒಂದು ಕೆಲಸ ಕಡಿಮೆಯಾಯಿತು.

ಚೌಕಟ್ಟು ಒಂದೊಂದರ ಮೇಲೆ ಒಂದೂವರೆ ಸೆಕೆಂಡು ನಿಲ್ಲುತ್ತಿತ್ತು. ನಾಲ್ಕು ಭಾನುವಾರ ಆಟ ಸಾಗಿತು. ನಿಧಾನ, ಆದರೆ ಸಾಗಿತು. ಸರ್ ಮುಖ ತೋರಿಸುತ್ತಿರಲಿಲ್ಲ, ಕ್ಯಾಮೆರಾ ಬೇಡವೆಂದಿದ್ದರು. ನಾವು ಮಾತಾಡುತ್ತಿದ್ದೆವು, ಅವರು ಒತ್ತುತ್ತಿದ್ದರು, ಅವರ ಸಾಲು ನಮ್ಮ ಪರದೆಯಲ್ಲಿ ಬರುತ್ತಿತ್ತು. ವೇಗ ಸರಿಯಿದೆಯಾ ಅಕ್ಕ, ಬೆರಳಿಗೆ ಸಾಲುತ್ತದಾ ಎಂದು ಪ್ರತಿ ವಾರ ಕೇಳಿದೆ. "ಸರಿಯಾಗದೆ ಕಣವ್ವ," ಎಂದರು ಪ್ರತಿ ವಾರ. ಅಷ್ಟು ಕೂಗಾಡಿದ್ದವಳು, ಆ ಉತ್ತರವನ್ನು ಮತ್ತೆ ಹಾಗೇ ನಂಬಿದೆ.

ಐದನೆಯ ಭಾನುವಾರ ಕಥೆ ಕೊನೆಗೆ ಬಂತು. ಮುಳುಗಿದ ಊರನ್ನು ಕಂಡು ಹರಿಗೋಲು ವಾಪಸು ಹೊರಟಿತ್ತು. ಗಾಳಿ ಎದ್ದಿತು. ‘ದಾಳ ಹಾಕಿ’ ಎಂದು ಪರದೆಯಲ್ಲಿ ಬಂತು. ಮೇಡಂ ಇಪ್ಪತ್ತು ಮುಖದ ದಾಳ ಉರುಳಿಸಿದರು. ಹನ್ನೊಂದು ಬಂದರೆ ಸಾಕಿತ್ತು, ಹದಿನೇಳು ಬಿತ್ತು. ವ್ಯಾಪಾರಿ ಆ ಕಡೆಯಿಂದ ಜೋರಾಗಿ ಚಪ್ಪಾಳೆ ಹೊಡೆದರು. ಇನ್ನು ಸರ್ ಹೇಳಬೇಕು. ಕಾದೆವು. ಸಾಲು ಬಂತು.

‘ಹರಿಗೋಲು ದಡ ಮುಟ್ಟಲಿಲ್ಲ. ಆಟ ಮುಗಿಯಿತು.’

ಅದರ ಹಿಂದೆಯೇ ಮೇಜು ತಾನಾಗಿ ಮುಚ್ಚಿಕೊಂಡಿತು. ಕೊನೆಯ ಸಾಲು ಬಂದ ಮೇಲೆ ಮುಚ್ಚುವ ಹಾಗೆ ಮಾಡಿದ್ದವಳು ನಾನೇ.

ಮೂವರೂ ಫೋನಿನಲ್ಲೇ ಇದ್ದೆವು. ಮೇಡಂ ಅತ್ತರು. ದಾಳ ಗೆದ್ದರೂ ಸಾವು ಗೆಲ್ಲಲಾಗುವುದಿಲ್ಲ ಎಂದು ಸರ್ ನಮಗೆ ಹೇಳಿಹೋಗುತ್ತಿದ್ದಾರೆ ಎಂದರು. ವ್ಯಾಪಾರಿ, "ಎಂಥಾ ಧೈರ್ಯ ಕಣಮ್ಮ ಆ ಮನ್ಸಂಗೆ, ಅಂಗೇ ಮುಗಿಸ್ಬುಟ್ರಲ್ಲ," ಎಂದರು. ನಾನೂ ಹೌದೆಂದೆ. ಅಕ್ಕನ ಫೋನಿಗೆ ಮೂವರೂ ಉದ್ದುದ್ದ ಮೆಸೇಜ್ ಕಳಿಸಿದೆವು, ಇಂಥ ಕೊನೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ ಎಂದು. ಅಕ್ಕ ಅವನ್ನು ಅವರಿಗೆ ಓದಿ ಹೇಳಿದರಂತೆ.

ಸೋಮವಾರ ಲಾಗ್ ತೆಗೆದೆ. ಚೌಕಟ್ಟು ಒಂದು ಆಯ್ಕೆಯ ಮೇಲೆ ಬಂದ ಎಷ್ಟು ಹೊತ್ತಿಗೆ ಬೆರಳು ಒತ್ತಿತು ಎಂಬುದು ಅಲ್ಲಿತ್ತು. ಮೊದಲ ಭಾನುವಾರ ಅರ್ಧ ಸೆಕೆಂಡಿನ ಆಸುಪಾಸು. ಆಮೇಲಿನ ವಾರಗಳಲ್ಲಿ ಮುಕ್ಕಾಲು, ಒಂದು. ಐದನೆಯ ಭಾನುವಾರದ ಶುರುವಿನಲ್ಲಿ ಒಂದೂಕಾಲು, ಕೊನೆಕೊನೆಗೆ ಒಂದೂವರೆಗೆ ಕೂದಲೆಳೆಯಷ್ಟು ಕಡಿಮೆ. ಕಟ್ಟಕಡೆಯ ಒತ್ತು ಮಾತ್ರ ಚೌಕಟ್ಟು ಬಂದೊಡನೆಯೇ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದಿತ್ತು. ದಿನವಿಡೀ ತಡವಾಗುತ್ತಾ ಬಂದ ಬೆರಳು ಅದೊಂದು ಸಲ ಮಿಂಚಿನಂತೆ ಆಡುವುದಿಲ್ಲ. ಅದು ಹಿಂದಿನ ಆಯ್ಕೆಗೆ ಒತ್ತಿದ್ದು, ತಲುಪುವಷ್ಟರಲ್ಲಿ ಚೌಕಟ್ಟು ಸರಿದುಹೋಗಿತ್ತು. ಕೊಟ್ಟ ಮಾತು ಮುರಿದು ಆಗ ಆ ಹಿಂದಿನ ಸಾಲನ್ನು ಓದಿದೆ. ‘ಹರಿಗೋಲು ದಡ ಮುಟ್ಟಿತು. ಆಟ ಮುಗಿಯಿತು.’

ಮೇಜನ್ನು ಮತ್ತೆ ತೆರೆಯುವುದು ನನಗೆ ಎರಡು ನಿಮಿಷದ ಕೆಲಸ. ಅವರಿಗೆ ಒಂದು ಒತ್ತು. ಆದರೆ ಎಲ್ಲರೂ ಆ ಕೊನೆಯನ್ನು ಹೊಗಳಿ ಆಗಿತ್ತು. ನಿಮ್ಮ ಬೆರಳು ತಪ್ಪಿತಾ ಸರ್ ಎಂದು ಆ ಸ್ಥಿತಿಯಲ್ಲಿರುವವರನ್ನು ಯಾವ ಬಾಯಲ್ಲಿ ಕೇಳುವುದು? ನೊಂದುಕೊಂಡಾರು ಎಂದುಕೊಂಡೆ. ನಾಳೆ ಕೇಳಿದರಾಯಿತು, ಅಕ್ಕನನ್ನು ಮೊದಲು ವಿಚಾರಿಸಿದರಾಯಿತು ಎಂದು ದಿನ ತಳ್ಳಿದೆ. ಅವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಒಂಬತ್ತು ದಿನ ಸುಮ್ಮನಿದ್ದೆ. ಹತ್ತನೆಯ ದಿನ ಬೆಳಗ್ಗೆ ಅಕ್ಕನ ಫೋನ್ ಬಂತು, ಹೋಗಿಬಿಟ್ರು ಕಣವ್ವ ಎಂದು.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾವು ಮೂವರೂ ಹೋಗಿದ್ದೆವು. ಊಟದ ಹೊತ್ತಿನಲ್ಲಿ ಅಕ್ಕ ನನ್ನನ್ನು ಹಿತ್ತಲಿಗೆ ಕರೆದರು. ಅತ್ತು ಅತ್ತು ದನಿ ಹೋಗಿತ್ತು.

"ಆ ಎಲ್ಡು ಸಾಲ್ನೂ ಬರ್ದಿದ್ದು ನಾನೇ ಅಲ್ವಾ. ಮುಟ್ಟಲಿಲ್ಲ ಅನ್ನೋದು ಬ್ಯಾಡ ಅಂದಿದ್ದೆ ಕಣವ್ವ. ಇರ್ಲಿ ಬುಡು, ಸೋಲೋ ದಾರೀನೂ ಇರ್ಬೇಕು, ಒತ್ತಾಕಿಲ್ಲ ಅಂದಿದ್ರು. ಆಮ್ಯಾಕೆ ಅದ್ನೇ ಯಾಕೆ ಒತ್ತುದ್ರು? ಅಷ್ಟೊಂದು ಬ್ಯಾಸರ ಆಗಿತ್ತಾ ಅವ್ರಿಗೆ? ನನ್ ಆರೈಕೇಲಿ ಏನಾರ ಕಮ್ಮಿ ಆಯ್ತಾ?"

ಆಗಲಾದರೂ ಹೇಳದಿದ್ದರೆ ನಾನು ಮನುಷ್ಯಳಲ್ಲ ಅನ್ನಿಸಿತು. ಲಾಗ್ ಎಂದರೇನು, ಬೆರಳು ವಾರದಿಂದ ವಾರಕ್ಕೆ ಹೇಗೆ ತಡವಾಯಿತು, ಚೌಕಟ್ಟು ಎಷ್ಟು ಬೇಗ ಸರಿಯಿತು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಅದನ್ನು ಒತ್ತಲಿಲ್ಲ ಅಕ್ಕ, ಅವರು ದಡ ಮುಟ್ಟಿಸಿದ್ದರು, ತಪ್ಪು ನನ್ನದು, ಮರುದಿನವೇ ನನಗೆ ಗೊತ್ತಾಗಿತ್ತು, ಹೇಳಲಿಲ್ಲ ಎಂದೆ. ಇಷ್ಟು ಹೇಳಿದರೆ ಆಕೆಯ ಎದೆಯ ಭಾರವಾದರೂ ಇಳಿಯುತ್ತದೆ, ನನ್ನನ್ನು ಬೈದರೆ ಬೈಯಲಿ ಎಂದುಕೊಂಡಿದ್ದೆ.

ಅಕ್ಕ ಬೈಯಲಿಲ್ಲ.

"ಅದಕ್ಕೇ ಏನವ್ವಾ ಅವತ್ತು," ಎಂದರು. "ನಿಮ್ದೆಲ್ಲ ಮುಗುದ್ ಮ್ಯಾಲೂವೆ ಒತ್ತುತಾನೇ ಇದ್ರು. ಒತ್ತೋರು, ನನ್ ಮಕ ನೋಡೋರು, ಒತ್ತೋರು. ಬೆರಳು ನೋಯ್ತದೆ ಸಾಕು ಬುಡಿ ಅಂದು ನಾನೇ ಗುಂಡಿ ತಗ್ದಿಟ್ಟು, ನೀರು ಕುಡುಸ್ದೆ."